ಹದಿನೈದನೆಯ ಕೋಲು

ನನ್ನ ಎಡಗಾಲಿನ ಬೂಟು ಕಿರುಗುಟ್ಟುತ್ತದೆ. ಗಾಲ್ಫ್ ಸರಣಿ ಮುಗಿಯುತ್ತ ಬಂದರೂ ಈ ಒಂದು ಚಿಂತೆ ನನ್ನನ್ನು ಬಿಟ್ಟಿಲ್ಲ. ಆಟಗಾರ ಉಸಿರು ಬಿಗಿಹಿಡಿದು ಚೆಂಡಿನ ಮೇಲೆ ಬಗ್ಗಿದಾಗ ನಾನು ಮರೆತು ಒಂದು ಹೆಜ್ಜೆ ಇಟ್ಟುಬಿಟ್ಟರೆ? ಅವನು ತಲೆಯೆತ್ತಿ ನನ್ನನ್ನೇ ನೋಡಿದರೆ? ಅದಕ್ಕೇ ಈ ವರ್ಷವಿಡೀ, ಊರಿಂದ ಊರಿಗೆ, ಮೈದಾನದಿಂದ ಮೈದಾನಕ್ಕೆ, ಎಡಗಾಲನ್ನು ಎಳೆದುಕೊಂಡೇ ನಡೆದಿದ್ದೇನೆ. ನನ್ನನ್ನು ಕುಂಟಿ ಅಂದುಕೊಂಡವರೂ ಇದ್ದಾರೆ. ಅಂದುಕೊಳ್ಳಲಿ ಬಿಡಿ, ಸದ್ದು ಮಾಡುವುದಕ್ಕಿಂತ ಅದು ವಾಸಿ.

ಈಗ ಆ ಕಾಲನ್ನು ಕುರ್ಚಿಯ ಕೆಳಗೆ ಮುಚ್ಚಿಟ್ಟುಕೊಂಡು ಕೂತಿದ್ದೆ. ಎದುರಿನ ಮೇಜಿನ ಮೇಲೆ, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ, ಆ ಕೋಲು ಮಲಗಿತ್ತು.

"ಯಾರೂ ಮುಟ್ಟಬೇಡಿ," ಎಂದರು ಪೊಲೀಸಮ್ಮ. "ಯಾರಿಗೆ ನೋಡೋಕೂ ಇಷ್ಟ ಇಲ್ಲ ಅಂತ ಮಾತ್ರ ನಾನು ನೋಡ್ತೀನಿ."

ನಾನು ಥಟ್ಟನೆ ಕಣ್ಣೆತ್ತಿ ಕೋಲನ್ನು ನೋಡಿದೆ. ನೋಡಬಾರದಿತ್ತು ಅಂತ ಆಮೇಲೆ ಅನ್ನಿಸಿತು.

ಬೆಳಿಗ್ಗೆ, ವರ್ಷದ ಕೊನೆಯ ಪಂದ್ಯದ ಕೊನೆಯ ಸುತ್ತಿನಲ್ಲಿ, ಮೂರನೆಯ ಹೋಲ್, ಅಂದರೆ ಚೆಂಡು ಬೀಳಿಸಬೇಕಾದ ಮೂರನೆಯ ಕುಳಿ, ಶುರುವಾಗುವ ಮುಂಚೆ, ಮೇಷ್ಟ್ರು ಎಂದು ಎಲ್ಲರೂ ಕರೆಯುವ ಆಟಗಾರರ ಚೀಲದಲ್ಲಿ ಒಂದು ಕೋಲು ಹೆಚ್ಚಿಗೆ ಸಿಕ್ಕಿತ್ತು. ಆಟಗಾರರು ಅದನ್ನು ಕ್ಲಬ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಕೋಲು.

ಹದಿನಾಲ್ಕು ಕೋಲಿಗಿಂತ ಹೆಚ್ಚು ಇಟ್ಟುಕೊಂಡು ಯಾರೂ ಆಡುವಂತಿಲ್ಲ. ಆಡಿದರೆ ಒಂದೊಂದು ಹೋಲಿಗೆ ಎರಡೆರಡು ಹೊಡೆತ ದಂಡ. ಮೇಷ್ಟ್ರು ಆಗಲೇ ಎರಡು ಹೋಲ್ ಮುಗಿಸಿದ್ದರು. ಹೊಡೆತ ಕಡಿಮೆಯಾದಷ್ಟೂ ಗೆಲುವು ಅನ್ನುವ ಈ ಆಟದಲ್ಲಿ ಅವರ ತಲೆಯ ಮೇಲೆ ನಾಲ್ಕು ಹೊಡೆತ ಬಿತ್ತು.

ಪಟ್ಟಿಯ ಮೊದಲ ಅರವತ್ತು ಮಂದಿಗೆ ಮಾತ್ರ ಮುಂದಿನ ವರ್ಷ ಆಡುವ ಹಕ್ಕು. ಆ ನಾಲ್ಕು ಹೊಡೆತದಿಂದ ಮೇಷ್ಟ್ರು ಅರವತ್ತೊಂದಕ್ಕೆ ಜಾರಿದರು. ಅರವತ್ತನೆಯವನಾಗಿ ಒಳಗೆ ಬಂದವನು ನನ್ನ ಅಣ್ಣ.

ಅಣ್ಣ ನನ್ನ ಪಕ್ಕದಲ್ಲೇ ಕೂತಿದ್ದ. ಗೆದ್ದವನ ಮುಖ ಇರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಮೊಣಕಾಲು ಕುಣಿಸುತ್ತಿದ್ದ.

ಅದು ತಗಡಿನ ಗೋಡೆಯ ಚಿಕ್ಕ ಕೋಣೆ. ಆಟ ಮುಗಿಸಿ ಬಂದವರು ಅಂಕ ಒಪ್ಪಿಸುವ ಜಾಗ. ಫ್ಯಾನ್ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಹೊರಗೆ ಹುಲ್ಲಿನ ಮೇಲೆ ಕುರ್ಚಿ ಹಾಕಿದ್ದರು, ಬಹುಮಾನ ಕೊಡಲು. ಯಾರೋ ಮೈಕು ಪರೀಕ್ಷಿಸುತ್ತ "ಹಲೋ, ಹಲೋ" ಅನ್ನುತ್ತಲೇ ಇದ್ದ.

"ನೋಡಿ ಮೇಡಂ, ಇದರಲ್ಲಿ ಪತ್ತೆ ಮಾಡೋಕೆ ಏನೂ ಇಲ್ಲ," ಎಂದರು ರೆಫರಿ. ಅವರು ಒಳ್ಳೆಯವರು, ಆದರೆ ಅವಸರದವರು. ಸಂಜೆಯ ವಿಮಾನಕ್ಕೆ ಚೀಟಿ ತೆಗೆಸಿದ್ದರು. "ಕೋಲು ಮೊದಲೇ ಚೀಲದಲ್ಲಿತ್ತು ಅಂದ್ರೆ ದಂಡ. ಆಟ ಶುರುವಾದ ಮೇಲೆ ಬೇರೆ ಯಾರೋ ತಂದು ತುರುಕಿದ್ರು ಅಂದ್ರೆ ದಂಡ ಇಲ್ಲ, ನಾಲ್ಕು ಹೊಡೆತ ವಾಪಸ್. ಬೇರೆಯವರು ತುರುಕಿದ್ರು ಅನ್ನೋದಕ್ಕೆ ಸಾಕ್ಷಿ ಎಲ್ಲಿ? ನಾನು ಹೋಗಿ ಫಲಿತಾಂಶ ಓದ್ತೀನಿ. ಒಂದ್ಸಲ ಓದಿಬಿಟ್ರೆ ಮುಗೀತು, ಬ್ರಹ್ಮ ಬಂದ್ರೂ ಬದಲಾಯಿಸೋಕಾಗಲ್ಲ."

"ಬ್ರಹ್ಮ ಬರೋದು ಬೇಡ, ನಾನು ಬಂದಿದೀನಲ್ಲ," ಎಂದರು ಪೊಲೀಸಮ್ಮ.

ಪೊಲೀಸ್ ಇಲಾಖೆಯಿಂದ ನಿವೃತ್ತಿಯಾದ ಮೇಲೆ ಅವರನ್ನು ಸರಣಿಯ ಶಿಸ್ತು ನೋಡಿಕೊಳ್ಳಲು ಕರೆಸಿಕೊಂಡಿದ್ದರು. ಗಾಲ್ಫ್ ಅಂದರೆ ತನಗೆ ಒಂದಕ್ಷರ ಗೊತ್ತಿಲ್ಲ ಅಂತ ತಾವೇ ಸಾರಿಕೊಂಡು ಓಡಾಡುತ್ತಿದ್ದರು. ಎಲ್ಲರೂ ಅದನ್ನು ನಂಬಿದ್ದರು. ನಾನು ನಂಬಿರಲಿಲ್ಲ. ನನ್ನಂಥ ಮಾತಾಡದವರಿಗೆ ಬೇರೆಯವರ ಕಣ್ಣು ನೋಡುವುದೇ ಕೆಲಸವಲ್ಲವೇ?

"ಮೇಷ್ಟ್ರೇ, ನೀವೇನಂತೀರಿ?"

ಮೇಷ್ಟ್ರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಐವತ್ತರ ಹತ್ತಿರದ ಮನುಷ್ಯ. ಪಂದ್ಯ ಇಲ್ಲದ ಬೆಳಿಗ್ಗೆ ಊರೂರ ಮಕ್ಕಳಿಗೆ ಆಟ ಹೇಳಿಕೊಡುತ್ತಾರೆ, ಅದಕ್ಕೇ ಆ ಹೆಸರು.

"ನನ್ನ ಚೀಲ, ನನ್ನ ತಪ್ಪು," ಎಂದರು. "ನೋಡಿ, ಅದು ಮಕ್ಕಳಿಗೆ ಅಂತ ಗರಗಸದಲ್ಲಿ ಕುಯ್ದು ಗಿಡ್ಡ ಮಾಡಿರೋ ಕೋಲು. ನನ್ನ ಹತ್ರ ಬರೋ ಯಾವುದೋ ಮಗು ಬಿಟ್ಟು ಹೋಗಿರುತ್ತೆ. ನಾನೇ ನೋಡಿ ನಾನೇ ರೆಫರಿಗೆ ಹೇಳ್ದೆ. ಈಗ ನನ್ನದಲ್ಲ ಅಂತ ಕೂಗಾಡಿದ್ರೆ ಚೆನ್ನಾಗಿರುತ್ತಾ?"

"ಚೆನ್ನಾಗಿರಲ್ಲ ಅಂತ ಸುಮ್ನಿದ್ರೆ ನನ್ನ ಗತಿ ಏನು ಸಾರ್?"

ಕೂಗಿದವನು ಅವರ ಕ್ಯಾಡಿ. ಮೂಲೆಯಲ್ಲಿ ನಿಂತಿದ್ದ. ಕೋಲಿನ ಚೀಲ ಹೊರುವ ಈ ಮನುಷ್ಯನನ್ನು ಸರಣಿಯ ಎಲ್ಲರೂ ಲೆಕ್ಕಣ್ಣ ಅಂತಲೇ ಕರೆಯುವುದು. ಆತ ಮೆಟ್ಟಿಲು ಎಣಿಸುತ್ತಾನೆ, ಇಡ್ಲಿ ಎಣಿಸುತ್ತಾನೆ, ಲಾಡ್ಜಿನ ಪರದೆಯ ಕೊಂಡಿ ಎಣಿಸುತ್ತಾನೆ. ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ಮೊದಲ ಟೀ ಮೇಲೆ, ಕೋಲಿನ ತಲೆಗಳನ್ನು ಒಂದೊಂದಾಗಿ ಮುಟ್ಟಿ, ಮಕ್ಕಳನ್ನು ಬಸ್ಸು ಹತ್ತಿಸುವ ತಾಯಿಯ ಹಾಗೆ, ರಾಗವಾಗಿ ಎಣಿಸುತ್ತಾನೆ.

"ಎಣಿಸಿದೀನಿ ಮೇಡಂ. ಹದಿನಾಲ್ಕೇ ಇತ್ತು. ಮೂವತ್ತು ವರ್ಷದಲ್ಲಿ ನನ್ನ ಹೆಂಡ್ತಿ ನನಗೆ ಬೈದಿರೋದನ್ನ ಬೇಕಾದ್ರೆ ಎಣಿಸಿ ಹೇಳ್ತೀನಿ, ಇದು ತಪ್ಪತ್ತಾ? ಚೀಲ ಹೊರೋನಿಗೆ ಎಣಿಸೋಕೆ ಬರಲ್ಲ ಅಂತ ಒಂದ್ಸಲ ಹೆಸರು ಬಂದ್ರೆ, ಮುಂದೆ ಯಾವ ಆಟಗಾರ ನನ್ನ ಮುಖ ನೋಡ್ತಾನೆ?"

"ನೀನು ತಲೆ ಎಣಿಸ್ತೀಯ, ಲೆಕ್ಕಣ್ಣ," ಎಂದರು ರೆಫರಿ ಬೇಸರದಿಂದ. "ಇದು ತಲೆಕೆಳಗಾಗಿತ್ತು. ತಲೆ ಚೀಲದ ತಳದಲ್ಲಿತ್ತು. ಹೇಗೆ ಎಣಿಸ್ತೀಯ?"

ಲೆಕ್ಕಣ್ಣ ತನ್ನ ಬೆರಳುಗಳನ್ನು ನೋಡಿಕೊಂಡ.

"ಅದೇ ನನಗೆ ಅರ್ಥವಾಗದ್ದು," ಎಂದರು ಪೊಲೀಸಮ್ಮ ನಿಧಾನವಾಗಿ. "ಎಲ್ಲಾ ಕೋಲೂ ತಲೆ ಮೇಲೆ. ಮಗು ಮರೆತು ಹಾಕಿದ್ರೆ, ಬೇರೆಯದನ್ನ ನೋಡಿ ಹಾಗೇ ಹಾಕುತ್ತೆ. ತಲೆ ಕಾಣಬಾರ್ದು ಅಂತ ತಳಕ್ಕೆ ಇಳಿಸಿದೋನು ಮರೆತೋನಲ್ಲ."

 ಹೊರಗೆ ಮೈಕು ಕುಯ್ಯೆಂದಿತು.

ಅವರು ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಕೋಲಿನ ಹಿಡಿಕೆಯನ್ನು ಬೆರಳಲ್ಲಿ ಸವರಿದರು. "ಈ ಹಿಡಿಕೆ ನೋಡಿ. ಅಂಗಡೀದಲ್ಲ. ಸೈಕಲ್ ಟ್ಯೂಬು ಸೀಳಿ ಸುತ್ತಿದಾರೆ. ತುದೀಲಿ ನೀಲಿ ದಾರದ ಗಂಟು. ಯಾರೋ ತಾಳ್ಮೆ ಇರೋ ಹೆಂಗಸು ಮಾಡಿರೋ ಕೆಲಸ. ಒಂದು ಮನೆಯವರಿಗಾದ್ರೂ ಇದರ ಗುರುತು ಇದ್ದೇ ಇರುತ್ತೆ."

ಆ ತಾಳ್ಮೆಯ ಹೆಂಗಸು ನನ್ನ ಅಮ್ಮ.

ಬೆಳಿಗ್ಗೆ ಮೇಷ್ಟ್ರು ಕೋಲನ್ನು ಎಳೆದು ತೆಗೆದ ಆ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಕೋಲನ್ನು ಕುಯ್ದವರು ಅಪ್ಪ, ಅಣ್ಣನಿಗೆ ಎಂಟು ವರ್ಷವಾಗಿದ್ದಾಗ. ಟ್ಯೂಬು ಸುತ್ತಿದವಳು ಅಮ್ಮ. ಅಣ್ಣ ದೊಡ್ಡವನಾದ ಮೇಲೆ ಅದು ಅಡುಗೆಮನೆಯ ಬಾಗಿಲ ಹಿಂದೆ ನಿಂತಿತು. ಅಪ್ಪ ಹೋದ ಮೇಲೂ ಅಲ್ಲೇ. ಮಂಚದ ಕೆಳಗೆ ಉರುಳಿದ ಚೆಂಬು ಎಳೆಯಲು, ಹಲ್ಲಿ ಓಡಿಸಲು.

ಅದು ಇಲ್ಲಿಗೆ ಹೇಗೆ ಬಂತು? ಬೆಳಿಗ್ಗೆಯಿಂದ ಇದೇ ಪ್ರಶ್ನೆ. ಮೇಷ್ಟ್ರು ಮತ್ತು ಅಣ್ಣ ಒಟ್ಟಿಗೆ ಆಡಿದರು. ಅವರ ಹಿಂದೆ ಅಂಕ ಒತ್ತುವ ಯಂತ್ರ ಹಿಡಿದು ನಡೆದವಳು ನಾನು. ಯಂತ್ರಕ್ಕೆ ಒಂದೇ ಒಂದು ಅಂಕ ತಪ್ಪು ಒತ್ತಲಿಲ್ಲ. ಬಾಯಿಂದ ಒಂದೇ ಒಂದು ಮಾತು ಹೊರಡಲಿಲ್ಲ.

"ನಿಮಗೆ ಇದರ ಗುರುತಿದೆಯಾ?" ಪೊಲೀಸಮ್ಮ ಅಣ್ಣನನ್ನು ಕೇಳಿದರು.

ಅಣ್ಣ ಕೋಲನ್ನು ನೋಡಿದ. ಮೊಣಕಾಲು ನಿಂತಿತು.

"ಇಲ್ಲ," ಎಂದ. "ಮೊದಲ ಸಲ ನೋಡ್ತಿರೋದು."

ಅಷ್ಟು ಸಲೀಸಾಗಿ ಹೇಳಿದ! ನನಗೆ ಕುರ್ಚಿ ಒಂದಿಷ್ಟು ವಾಲಿದಂತಾಯಿತು. ಅಣ್ಣ ಮೊದಲ ಚೆಂಡು ಹೊಡೆದದ್ದು ಆ ಕೋಲಿನಲ್ಲಿ. ಅದಕ್ಕಾಗಿ ನನ್ನ ಜುಟ್ಟು ಹಿಡಿದು ಎಳೆದಿದ್ದ.

"ಬಿಡಿ ಮೇಡಂ," ಎಂದರು ಬಾಗಿಲ ಬಳಿ ನಿಂತಿದ್ದ ಚಿಕ್ಕಪ್ಪ. ಅಪ್ಪನ ತಮ್ಮ, ಅಣ್ಣನ ಚೀಲ ಹೊರುವವರು. ಮೈದಾನದಲ್ಲಿ ಬೆಳೆದ ಮನುಷ್ಯ. "ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಒಪ್ಕೊಂಡಿದಾರೆ. ಲೆಕ್ಕಣ್ಣ ಒಂದ್ಸಲ ಎಡವಿದ, ಅಷ್ಟೇ. ಎಷ್ಟೇ ಎಣಿಸೋನಾದ್ರೂ ಮನುಷ್ಯನೇ ತಾನೇ?"

"ನೀನು ಸುಮ್ನಿರಯ್ಯ!" ಲೆಕ್ಕಣ್ಣ ಕೆರಳಿದ. "ಎರಡನೇ ಹೋಲ್ ಮುಗಿದು ಸಿಡಿಲಿನ ಸೈರನ್ ಆದಾಗ ಎಲ್ರೂ ಚಾವಣಿ ಕೆಳಗೆ ಓಡಿದ್ವಲ್ಲ, ಚೀಲ ಎಲ್ಲಾ ಒಂದೇ ಕಡೆ ಇತ್ತು. ಅಲ್ಲಿ ಏನಾಯ್ತೋ ಯಾರಿಗೆ ಗೊತ್ತು? ನಾನು ಬೀಡಿ ಸೇದೋಕೆ ಹಿಂದೆ ಹೋಗಿದ್ದೆ."

"ನೀನು ಬೀಡಿ ಸೇದ್ತಿದ್ದಾಗ ನಿನ್ನ ಚೀಲ ಒರೆಸಿ ಇಟ್ಟಿದ್ದು ನಾನು. ಉಪಕಾರಕ್ಕೆ ಇದಾ ಫಲ?"

"ತಂಗಿ, ನೀನು ಅಲ್ಲೇ ಕೂತಿದ್ದೆಯಲ್ಲ!" ಲೆಕ್ಕಣ್ಣ ನನ್ನ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

ಎಲ್ಲರ ತಲೆ ನನ್ನ ಕಡೆ. ಕಿವಿ ಬಿಸಿಯಾಯಿತು. ಡೈರಿಯಲ್ಲಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ.

"ನಾನು... ಯಂತ್ರದ ಚಾರ್ಜು ನೋಡ್ತಿದ್ದೆ," ಎಂದೆ. ಅದು ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸಿತು.

ಲೆಕ್ಕಣ್ಣ ಗೋಡೆಗೆ ಒರಗಿದ. ರೆಫರಿ ಎದ್ದು ಕೋಟು ಸರಿಮಾಡಿಕೊಂಡರು. "ಚಹಾ ಕುಡಿಯೋವರೆಗೆ ಸಮಯ. ಆಮೇಲೆ ನಾನು ಓದೋದೇ."

ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೊರಗೆ ಬಂದೆ. ಕೋಣೆಯ ಹಿಂದೆ ಬ್ಯಾಟರಿ ಗಾಡಿಗಳು ಸಾಲಾಗಿ ನಿಂತು ಚಾರ್ಜಿಗೆ ಗುಂಯ್‌ಗುಟ್ಟುತ್ತಿದ್ದವು. ಎರಡು ಗಾಡಿಗಳ ನಡುವೆ ಕೂತು ಮನೆಗೆ ಫೋನು ಮಾಡಿದೆ.

"ಏನೇ, ಮುಗೀತಾ? ನಿಮ್ಮಣ್ಣ ಒಳಗೆ ಬಂದನಾ?" ಅಮ್ಮನ ದನಿಯಲ್ಲಿ ಇಡೀ ದಿನದ ಹರಕೆ ಇತ್ತು.

"ಇನ್ನೂ ಓದಿಲ್ಲಮ್ಮ. ಅಮ್ಮ, ಬಾಗಿಲ ಹಿಂದಿನ ಕೋಲು ಎಲ್ಲಿದೆ?"

"ಅಯ್ಯೋ, ಅದೊಂದು ಕತೆ! ಅದಿಲ್ಲದೆ ಹಲ್ಲಿ ನನ್ನ ತಲೆ ಮೇಲೇ ಸಂಸಾರ ಹೂಡಿದೆ. ನಿನ್ನ ಹತ್ರ ತಾನೇ ಇರೋದು?"

"ನನ್ನ ಹತ್ರಾನಾ?"

"ನಿನಗೆ ಬೇಕಂತೆ ಅಂತ ನಿಮ್ಮಣ್ಣ ಫೋನ್ ಮಾಡಿದ್ದ ಕಣೇ. ಅಪ್ಪನ ನೆನಪಿಗೆ ಇಟ್ಕೋತಾಳಂತೆ, ಕೇಳೋಕೆ ಸಂಕೋಚ ಅವಳಿಗೆ ಅಂದ. ಚಿಕ್ಕಪ್ಪ ಊರಿಗೆ ಬಂದಿದ್ದಾಗ ಅವರ ಕೈಲೇ ಕೊಟ್ಟು ಕಳಿಸಿದೆ. ಯಾಕೆ, ತಲುಪಲಿಲ್ವಾ?"

 ಗಾಡಿಗಳು ಗುಂಯ್‌ಗುಟ್ಟುತ್ತಲೇ ಇದ್ದವು.

"ಏನೇ, ಇದೀಯಾ? ಎಲ್ಲಾದ್ರೂ ಬಿಟ್ಟು ಬಂದೀಯ ಮತ್ತೆ. ನಿಮ್ಮಪ್ಪ ಮಾಡಿದ್ದು ಅದೊಂದೇ ಉಳಿದಿರೋದು."

"ಇದೆ ಅಮ್ಮ. ನನ್ನ ಕಣ್ಮುಂದೇನೇ ಇದೆ," ಎಂದು ಫೋನು ಇಟ್ಟೆ.

ನನ್ನ ಹೆಸರು ಹೇಳಿ ತರಿಸಿಕೊಂಡಿದ್ದರು. ಈಗ ನಾನು ಬಾಯಿ ಬಿಟ್ಟರೆ ಪೊಲೀಸಮ್ಮ ಮೊದಲು ಫೋನು ಮಾಡುವುದು ಅಮ್ಮನಿಗೆ. ಅಮ್ಮ ಮುಗ್ಧವಾಗಿ ಹೇಳುವುದು ಇದನ್ನೇ: ಕೋಲು ಕೇಳಿದ್ದು ನನ್ನ ಮಗಳು. ಚಾವಣಿಯ ಕೆಳಗೆ ಚೀಲಗಳ ಪಕ್ಕ ಕೂತಿದ್ದವಳೂ ಅವಳೇ.

ಕೇಳಿದ್ದು ಅಣ್ಣ, ತಂದದ್ದು ಚಿಕ್ಕಪ್ಪ. ಇಬ್ಬರಲ್ಲಿ ಯಾರ ತಲೆಯಲ್ಲಿ ಇದು ಮೊದಲು ಹುಟ್ಟಿತು? ಇನ್ನೊಬ್ಬರಿಗೆ ಎಷ್ಟು ಗೊತ್ತಿತ್ತು? ಅಥವಾ ನಿಜವಾಗಿ ನನಗೇ ಕೊಡಬೇಕೆಂದು ತರಿಸಿ, ಆಮೇಲೆ ಬೇರೆ ಬುದ್ಧಿ ಹುಟ್ಟಿತೋ?

"ಪುಟ್ಟಿ."

ಚಿಕ್ಕಪ್ಪ ಎರಡು ಲೋಟ ಚಹಾ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ತಗೋ." ಲೋಟ ಕೈಗಿಟ್ಟರು. ಬಿಸಿಯಾಗಿತ್ತು, ಸಕ್ಕರೆ ನನಗೆ ಬೇಕಾದಷ್ಟೇ ಇತ್ತು. "ಅಮ್ಮನ ಹತ್ರ ಮಾತಾಡಿದೆಯಾ? ಚೆನ್ನಾಗಿದಾರಾ?"

ತಲೆಯಾಡಿಸಿದೆ.

"ನಿಮ್ಮಣ್ಣಂಗೆ ಈ ಸಲ ಸಿಗದಿದ್ರೆ ಇನ್ನಿಲ್ಲ. ಅವನಿಗೆ ಬೇರೆ ಏನು ಬರುತ್ತೆ ಹೇಳು? ಮೇಷ್ಟ್ರಿಗೇನು, ಮಕ್ಕಳಿಗೆ ಪಾಠ ಹೇಳ್ಕೊಂಡಾದ್ರೂ ಇರ್ತಾರೆ." ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಚಿಕ್ಕಂದಿನಲ್ಲಿ ಇಡುತ್ತಿದ್ದ ಹಾಗೇ. "ನೀನು ಮಾತಾಡೋಳಲ್ಲ. ನಿನ್ನಲ್ಲಿ ನನಗೆ ಮೊದಲಿಂದ ಇಷ್ಟವಾಗಿರೋದೇ ಅದು."

ಆ ಕೈಯ ಭಾರಕ್ಕೆ ನನ್ನ ಕುತ್ತಿಗೆ ತಾನಾಗಿ ಬಗ್ಗಿತು. ಕೊಡವಿಕೊಳ್ಳಲು ಆಗಲಿಲ್ಲ. ಅಪ್ಪ ಹೋದ ಮೇಲೆ ನನ್ನ ಕಾಲೇಜಿನ ಬಾಗಿಲವರೆಗೆ ಸೈಕಲ್ಲಿನಲ್ಲಿ ಬಿಟ್ಟ ಕೈ ಅದು.

ಒಳಗೆ ಹೋದಾಗ ಪೊಲೀಸಮ್ಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

"ನನಗೆ ಈ ಆಟ ತಿಳಿಯಲ್ಲ, ಒಂದು ಕೇಳ್ತೀನಿ, ನಗಬೇಡಿ," ಎಂದರು. "ಚಾವಣಿ ಕೆಳಗೆ ಯಾರೋ ತುರುಕಿದ್ರು ಅಂತಲೇ ಇಟ್ಕೊಳೋಣ. ಅಲ್ಲೀವರೆಗೆ ಅದು ಎಲ್ಲಿತ್ತು? ಮೈದಾನದ ನಡುಮಧ್ಯೆ ಗಿಡದಲ್ಲಿ ಬಿಡ್ತಾ?"

"ಅದೇ ನಾನು ಹೇಳೋದು!" ರೆಫರಿ ಲೋಟ ಕೆಳಗಿಟ್ಟರು. "ಇನ್ನೊಂದು ಚೀಲದಲ್ಲಿದ್ರೆ ಅಲ್ಲಿ ಹದಿನೈದಾಗ್ತಿತ್ತು. ಮೊದಲ ಟೀ ಮೇಲೆ ಎರಡೂ ಚೀಲ ನಾನು ನೋಡಿದೀನಿ. ಅಂಗಿಯೊಳಗೆ ಇಟ್ಕೊಂಡು ನಡೆಯೋಕಾಗತ್ತಾ? ಅಷ್ಟುದ್ದದ್ದು ಬಚ್ಚಿಡೋಕೆ ಜಾಗ ಎಲ್ಲಿದೆ?"

ನನ್ನ ಕಣ್ಣು ಬಾಗಿಲ ಮೂಲೆಗೆ ಹೋಯಿತು. ಅಲ್ಲಿ ಚಿಕ್ಕಪ್ಪನ ದೊಡ್ಡ ಕೊಡೆ ಮಡಿಸಿ ನಿಂತಿತ್ತು.

ಎರಡನೆಯ ಗ್ರೀನ್, ಎರಡನೆಯ ಕುಳಿಯ ಸುತ್ತಲಿನ ನುಣುಪು ಹುಲ್ಲು, ನೆನಪಾಯಿತು. ಸೈರನ್ನಿಗೆ ಮುಂಚೆಯೇ ಮಳೆ ಹನಿಯಲು ಶುರುವಾಗಿತ್ತು. ಲೆಕ್ಕಣ್ಣ ಓಡಿಬಂದು ಮೇಷ್ಟ್ರ ತಲೆಯ ಮೇಲೆ ಕೊಡೆ ಬಿಚ್ಚಿದ. ಹಿಡಿಕೆ ನೆನೆದರೆ ಕೋಲು ಜಾರುತ್ತದೆ. ಹನಿ ಬಿದ್ದ ಕೂಡಲೇ ಕೊಡೆ ಬಿಚ್ಚುವುದು ಕ್ಯಾಡಿಯ ಮೊದಲ ಕೆಲಸ.

ಚಿಕ್ಕಪ್ಪ ಬಿಚ್ಚಲಿಲ್ಲ. ಮಡಿಸಿದ ಕೊಡೆಯನ್ನು ಮಲಗಿದ ಮಗುವಿನ ಹಾಗೆ ಎದೆಗೆ ಒತ್ತಿಕೊಂಡು, ತಾವೂ ನೆನೆಯುತ್ತ, ನಿಂತೇ ಇದ್ದರು.

ವಯಸ್ಸಾಯಿತು, ಮರೆತಿರಬೇಕು ಅಂದುಕೊಂಡಿದ್ದೆ.

ಆಮೇಲೆ ಅದಕ್ಕಿಂತ ದೊಡ್ಡದು ನೆನಪಾಯಿತು. ಅಣ್ಣನ ಹಿಡಿಕೆ ನೆನೆಯಿತು. ಅವನು ಅದನ್ನು ಪ್ಯಾಂಟಿಗೆ ಉಜ್ಜಿಕೊಂಡ. ಒಂದು ತೊಟ್ಟು ನೀರು ಬಿದ್ದರೂ ಚಿಕ್ಕಪ್ಪನ ಮೇಲೆ ರೇಗುವ ಅಣ್ಣ, ತನ್ನ ವರ್ಷವೇ ನಿಂತಿದ್ದ ಆ ಸುತ್ತಿನಲ್ಲಿ, ಕೊಡೆ ಎಲ್ಲಿ ಅಂತ ಕೇಳಲಿಲ್ಲ.

ತಿರುಗಿಯೂ ನೋಡಲಿಲ್ಲ.

ಪಕ್ಕದಲ್ಲಿ ಅಣ್ಣನ ಮೊಣಕಾಲು ಮತ್ತೆ ಕುಣಿಯತೊಡಗಿತ್ತು. ಅವನ ಕೈ ನನ್ನ ಕುರ್ಚಿಯ ಅಂಚಿನಲ್ಲಿತ್ತು. ಉಗುರು ಕಚ್ಚಿ ಕಚ್ಚಿ ಕೆಂಪಾಗಿತ್ತು. ಅವನ ಮೇಲೆ ಸಿಟ್ಟು ಬಂದಿದ್ದರೆ ಸುಲಭವಿತ್ತು. ಬರಲಿಲ್ಲ. ಬೇಡ ಅಣ್ಣ, ನೀನೇ ಹೇಳಿಬಿಡು ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಮೇಜಿನ ಮೊಳೆಯೊಂದನ್ನು ನೋಡುತ್ತಿದ್ದ.

"ಸರಿ ಹಾಗಾದ್ರೆ," ರೆಫರಿ ಎದ್ದರು. "ಮೇಷ್ಟ್ರೇ, ನಿಮಗೆ ಒಪ್ಪಿಗೆ ತಾನೇ?"

"ಒಪ್ಪಿಗೆ," ಎಂದರು ಮೇಷ್ಟ್ರು. ಟೋಪಿ ತಲೆಗಿಟ್ಟುಕೊಳ್ಳಲು ಹೋಗಿ ಮತ್ತೆ ತೊಡೆಯ ಮೇಲೇ ಇಟ್ಟುಕೊಂಡರು. ಅಷ್ಟೊಂದು ವರ್ಷ ಬಿಸಿಲಿನಲ್ಲಿ ನಿಂತ ಮುಖ. ಟೋಪಿಯ ಗೆರೆಯಿಂದ ಮೇಲೆ ಮಾತ್ರ ಹಣೆ ಬೆಳ್ಳಗಿತ್ತು. "ಅಣ್ಣ ಗೆದ್ದ ಅಂತ ಖುಷಿಪಡು ಮರೀ," ಎಂದು ನನ್ನ ಕಡೆ ನೋಡಿ ನಕ್ಕರು. "ನನ್ನ ಬಗ್ಗೆ ಯೋಚನೆ ಮಾಡಬೇಡ. ಪಾಪ, ಮುಖ ಎಷ್ಟು ಸಣ್ಣಗಾಗಿದೆ!"

ಲೆಕ್ಕಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡ. ಅವನ ತುಟಿ ಅಲುಗುತ್ತಿತ್ತು. ಎಣಿಸುತ್ತಿದ್ದನೋ, ಅಳುತ್ತಿದ್ದನೋ.

ರೆಫರಿ ಬಾಗಿಲ ಚಿಲಕಕ್ಕೆ ಕೈಹಾಕಿದರು. ಹೊರಗಿನ ಮೈಕಿನಲ್ಲಿ ಯಾರೋ, ಇನ್ನೇನು ಫಲಿತಾಂಶ ಬರುತ್ತದೆ, ಎಲ್ಲರೂ ಕುಳಿತುಕೊಳ್ಳಬೇಕು ಎಂದರು.

ಪೊಲೀಸಮ್ಮ ಮಾತ್ರ ಎದ್ದಿರಲಿಲ್ಲ. ಬಿಸ್ಕತ್ತಿನ ಪುಡಿ ಒರೆಸಿಕೊಳ್ಳುತ್ತ, ಯಾರನ್ನೂ ನೋಡದೆ, ಗಾಳಿಗೆ ಹೇಳುವವರ ಹಾಗೆ ಹೇಳಿದರು: "ಕೊನೇ ಸಲ ಕೇಳ್ತೀನಿ. ಈ ಕೋಲಿನ ಗುರುತು ಯಾರಿಗೂ ಇಲ್ವಾ?"

"ಇಲ್ಲ ಅಂತ ಹೇಳಾಯ್ತಲ್ಲ ಮೇಡಂ," ಎಂದ ಅಣ್ಣ.

ಚಿಕ್ಕಪ್ಪ ನನ್ನನ್ನು ನೋಡಿದರು. ಅದು ಬೆದರಿಕೆಯ ನೋಟವಲ್ಲ. ಭರವಸೆಯ ನೋಟ. ಅದನ್ನೇ ತಾಳಲಾಗಲಿಲ್ಲ.

ಎದ್ದು ನಿಂತೆ. ಯಾಕೆ ಎದ್ದೆನೆಂದು ಗೊತ್ತಿಲ್ಲ. ಮೇಜಿನ ಅಂಚು ಹಿಡಿದುಕೊಂಡೆ. ಅಣ್ಣ ನನ್ನ ದುಪಟ್ಟಾದ ತುದಿ ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದ. ಕೂತುಕೋ ಅನ್ನುವ ಹಾಗೆ. ನಾಟಕಕ್ಕೋ ಸಿನಿಮಾಕ್ಕೋ ಹೋದಾಗ ಎಳೆಯುತ್ತಿದ್ದನಲ್ಲ, ಹಾಗೇ.

"ಏನಮ್ಮಾ?" ಎಂದರು ಪೊಲೀಸಮ್ಮ.

ನನ್ನ ದನಿ ನನಗೇ ಅಪರಿಚಿತವಾಗಿ, ಯಾರೋ ಪಕ್ಕದ ಕೋಣೆಯಿಂದ ಮಾತಾಡಿದಂತೆ ಬಂತು.

"ಅದು ನಮ್ಮ ಮನೆ ಕೋಲು."